ಆಮೆನ್‌ಗೆ ಕಾದು ಕೂತ ಸೂಪು

ಭಾನುವಾರ, ಊಟದ ನಂತರ
(ಇದನ್ನು ಊಟ ಎನ್ನಬಹುದಾದರೆ)

ನನ್ನ ಮುದ್ದು ಹಟಮಾರಿಗೆ,

ಬೇಕರಿಯ ಮೇಲಿನ ಕೋಣೆಯಲ್ಲಿ ಬಿಸಿಬಿಸಿ ಬ್ರೆಡ್ಡು ತಿನ್ನುತ್ತಾ ಸುಖವಾಗಿದ್ದೀಯೆಂದು ನಂಬಿದ್ದೇನೆ. ನಾವೂ ಇಲ್ಲಿ ತಣ್ಣಗಿದ್ದೇವೆ. ನೆಮ್ಮದಿಯಿಂದಲ್ಲ, ಸೂಪಿನಿಂದ.

ಈ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ: ಊಟಕ್ಕೆ ಮುಂಚೆ ಪ್ರಾರ್ಥನೆಗೆ ಕಣ್ಣು ಮುಚ್ಚಿ, ಒಬ್ಬೊಬ್ಬರೂ ಅಂದು ಕಲಿತ ಒಂದು ಸಂಗತಿಯನ್ನು ದೇವರಿಗೆ ಒಪ್ಪಿಸಬೇಕು, ಕಡೆಗೆ ಮನೆಯಲ್ಲಿ ಎಲ್ಲರಿಗಿಂತ ಕಿರಿಯರು, ಈಗ ನೀನು, ಆಮೆನ್ ಅನ್ನಬೇಕು, ಆಮೇಲಷ್ಟೇ ಚಮಚಕ್ಕೆ ಕೈ. ಮದುವೆಯಾದ ಹೊಸದರಲ್ಲಿ ಎಂಥ ಚಂದದ ಪದ್ಧತಿ ಅಂದುಕೊಂಡಿದ್ದೆ! ನಿಮ್ಮಪ್ಪ ಲೆಕ್ಕದ ಮೇಷ್ಟ್ರು, ದೇವರು ಕೇಳಿಸಿಕೊಳ್ಳುವ ಮೊದಲೇ ತಪ್ಪು ತಿದ್ದಿಬಿಡುತ್ತಾರೆ ಎಂಬುದು ನಿಧಾನವಾಗಿ ತಿಳಿಯಿತು.

ಆದರೂ ಆ ದಿನ ಅವರು ಹಾಗನ್ನಬಾರದಿತ್ತು. ನೀನೋ, ಕಾಲೇಜು ಬಿಟ್ಟು ಬೇಕರಿ ಸೇರಿದ ಸುದ್ದಿಯನ್ನು ಪ್ರಾರ್ಥನೆಯೊಳಗೇ ತೂರಿಸಿ, ಬ್ರೆಡ್ಡು ಉಬ್ಬಿಸಲು ಕಲಿತೆ ಅಂದೆ. ಅವರು ಒಂದೇ ಕಣ್ಣು ತೆರೆದು, "ಕಲಿಯೋದು ಬಿಟ್ಟು ಕಲಸೋಕೆ ಹೋದ್ಯಾ? ಅದೂ ಒಂದು ವಿದ್ಯೆನಾ?" ಅಂದರು. ಬ್ರೆಡ್ಡಿಗಿಂತ ಮೊದಲು ನೀನೇ ಉಬ್ಬಿದೆ. ಆಮೆನ್ ಕೂಡ ಅನ್ನದೆ ಬಾಗಿಲು ಬಡಿದು ಹೋದೆ. ಹೋಗುವವಳು ಅದೊಂದನ್ನು ಮೇಜಿನ ಮೇಲೆ ಇಟ್ಟು ಹೋಗಬಾರದಿತ್ತೇ, ತಾಯಿ?

ಈಗ ನನ್ನ ಪಾಡು ಕೇಳು. ನಿನ್ನ ಸರದಿ ಬಂದಾಗ ಅವರು ಕಣ್ಣು ಮುಚ್ಚಿಕೊಂಡೇ ಕಾಯುತ್ತಾರೆ. ಸೂಪಿನ ಮೇಲೆ ಕೆನೆ ಕಟ್ಟುತ್ತದೆ. ನಾನೇ ಆಮೆನ್ ಅಂದರೆ, "ನಿಂದಾಯ್ತಲ್ಲ, ಅವಳ್ದು ಬಾಕಿ ಇದೆ" ಅನ್ನುತ್ತಾರೆ. ಹಾಗಾದರೆ ಹೋಗಿ ಕರೆತನ್ನಿ ಅಂದರೆ ಕಣ್ಣು ಇನ್ನಷ್ಟು ಬಿಗಿಯಾಗುತ್ತದೆ. ಅಜ್ಜಿಯದಂತೂ ದಿನವೂ ಒಂದೇ ಪಾಠ: "ದೇವರೇ, ನಿನ್ನೆ ಕಲಿತಿದ್ದನ್ನ ಮರೆಯೋದು ಕಲಿತೆ." ಅಷ್ಟು ಒಪ್ಪಿಸಿ ಮೆಲ್ಲಗೆ ಸೂಪು ಹೀರಲು ಶುರು. ಕಣ್ಣಲ್ಲೇ ಗದರಿದರೆ, "ನನ್ನ ಮಗ ಕಾಯ್ತಿರೋದು ಅವನ ಮಗಳಿಗೆ ಕಣೇ, ಆಮೆನ್‌ಗಲ್ಲ. ಮಧ್ಯೆ ನಾನ್ಯಾಕೆ ಉಪವಾಸ ಇರ್ಲಿ?" ಅನ್ನುತ್ತಾರೆ.

ಇದು ಸಾಲದೆಂದು ಅಡುಗೆಮನೆಗೆ ಹಿಟ್ಟಿನ ಭೂತ ಹೊಕ್ಕಿದೆ. ನಾನು ಏಳುವಷ್ಟರಲ್ಲಿ ಬಟ್ಟಲ ತುಂಬ ಅಂಟು, ಓವನ್ನಿನಲ್ಲಿ ಕರಕಲು, ನಿಮ್ಮಪ್ಪನ ಕನ್ನಡಕದ ಮೇಲೆ ಬಿಳಿ ಪುಡಿ. ಏನ್ರೀ ಇದು ಅಂದರೆ ಸೀಮೆಸುಣ್ಣವಂತೆ! ಶಾಲೆಗೇ ರಜೆ, ಸೀಮೆಸುಣ್ಣಕ್ಕಿಲ್ಲ. ತೊಳೆಯುವವಳು ನಾನು.

ಬಾ ಅಂತ ನಾನೇನೂ ಕರೆಯುತ್ತಿಲ್ಲ. ನಿನ್ನ ಹಟ ನಿನಗಿರಲಿ. ಬರೀ ಸೂಪಿನ ಮೇಲಿನ ಕನಿಕರಕ್ಕೆ ಬರೆದೆ.

ಅರೆಹೊಟ್ಟೆಯ,
ನಿನ್ನ ಅಮ್ಮ

ತಾ.ಕ.: ಜೊತೆಗೆ ಬಟ್ಟೆಯಲ್ಲಿ ಸುತ್ತಿ ಕಳಿಸಿರುವುದು ಇಟ್ಟಿಗೆಯಲ್ಲ, ಬ್ರೆಡ್ಡು. ಕಾಲಿನ ಮೇಲೆ ಬೀಳಿಸಿಕೊಳ್ಳಬೇಡ. ಇವತ್ತು ನಿಮ್ಮಪ್ಪ ತಮ್ಮ ಸರದಿಯಲ್ಲಿ, "ದೇವರೇ, ಎಷ್ಟು ಸಲ ಮಾಡಿದ್ರೂ ಉಬ್ಬಲಿಲ್ಲ. ಅದೂ ಒಂದು ವಿದ್ಯೆನೇ ಅಂತ ಕಲಿತೆ. ತಪ್ಪೆಲ್ಲಾಯ್ತು ಅಂತ ಹೇಳಿಕೊಡೋರು ಬೇಕು" ಅಂದರು. ಹಾಗೆ ಹೇಳಿ ನಿನ್ನ ಖಾಲಿ ಕುರ್ಚಿಯ ಕಡೆ ತಿರುಗಿದರು. ಈ ಸಲ ಎರಡೂ ಕಣ್ಣು ತೆರೆದಿದ್ದವು. ಮುಂದಿನ ಭಾನುವಾರ ಚರ್ಚು ಬಿಟ್ಟ ಮೇಲೆ ಸೂಪು ಒಲೆಯ ಮೇಲೇ ಇರುತ್ತದೆ. ಬರುವಾಗ ಆಮೆನ್ ತಾ.