ಕದಿರು ಕಟ್ಟಿದ ಗಾಡಿ

ಶಿರಾಲಿ
೬ ಅಕ್ಟೋಬರ್ ೨೦೨೫

ಶಾಂಭವಿಗೆ,

ಫೋನಿನಲ್ಲಿ ನೀನು ‘ಗಾಡಿದು ಎಂತಾತು?’ ಎಂದು ಕೇಳುತ್ತೀ, ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಡುತ್ತೀ. ಹೊನ್ನಾವರದಲ್ಲಿ ಖಾನಾವಳಿಯ ತಯಾರಿ ಜೋರಾಗಿರುವಾಗ ನಿನಗೆ ಪುರುಸೊತ್ತಿಲ್ಲ, ಗೊತ್ತು. ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲವಲ್ಲ.

ಮಳೆಗಾಲಕ್ಕೆ ಮೊದಲು ಅಣ್ಣನ ಮನೆಗೆ ಹೊರಟು ನಿಂತಾಗ ನೀನು ಒಂದು ಮಾತು ಹೇಳಿದ್ದೆ. ಕ್ಯಾಂಪರ್ ಮಾರಿ ನಿನ್ನ ಪಾಲು ಕೊಟ್ಟುಬಿಟ್ಟರೆ ಆಮೇಲೆ ನಮ್ಮಿಬ್ಬರ ನಡುವೆ ಮಾತಾಡುವಂಥದ್ದು ಏನೂ ಉಳಿಯುವುದಿಲ್ಲ ಎಂದು. ಅವತ್ತಿನಿಂದ ನಾನು ಅದೇ ಕೆಲಸದಲ್ಲಿದ್ದೇನೆ. ಸುಮ್ಮನೆ ಕೂತಿದ್ದೇನೆ ಎಂದು ತಿಳಿಯಬೇಡ.

ನಮ್ಮ ಹಳೆಯ ಟೆಂಪೋಕ್ಕೆ ಮಂಚ, ಒಲೆ ಕೂರಿಸಿ ಮನೆ ಮಾಡಿಕೊಟ್ಟ ಕುಮಟೆಯ ಗಣಪನನ್ನೇ ಹೋಗಿ ಕೇಳಿದೆ. ಆಷಾಢದಲ್ಲಿ ಯಾರೂ ಗಾಡಿ ಮುಟ್ಟುವುದಿಲ್ಲ, ಮಳೆಯಲ್ಲಿ ಮಾರಲು ಹೊರಟರೆ ಗುಜರಿಯ ಬೆಲೆ ಕಟ್ಟುತ್ತಾರೆ ಎಂದ. ಡಿಸೆಂಬರಿಗೆ ಹೋದರೆ ಗೋಕರ್ಣ, ಮುರ್ಡೇಶ್ವರದ ಪ್ರವಾಸಿಗರನ್ನು ನಂಬಿದವರೆಲ್ಲ ಆಗಲೇ ಗಾಡಿ ಕೊಂಡಾಗಿರುತ್ತದೆ. ಬೇಸಿಗೆಯ ಕೊನೆಗೆ ಕೊಂಡವನು ಮಳೆಗಾಲವಿಡೀ ಅದನ್ನು ನೋಡುತ್ತ ಕೂರಬೇಕು. ಆದ್ದರಿಂದ ಚೌತಿ ಕಳೆದ ಮೇಲೆ, ದೀಪಾವಳಿಯ ಒಳಗೆ. ಅದೇ ಸರಿಯಾದ ಕಾಲವಂತೆ. ಮಳೆ ತಿಂದು ನಿಂತ ಗಾಡಿ ಸೋರುತ್ತದೋ ಇಲ್ಲವೋ ಎನ್ನುವುದೂ ಆಗಲೇ ತಿಳಿಯುತ್ತದೆ.

ನಮ್ಮದು ಒಂದು ಹನಿ ಸೋರಿಲ್ಲ. ಗಣಪ ಏಣಿ ಹತ್ತಿ, ಮಾಡಿನ ಸಂದಿಯ ಮೇಲೆ ಬೆರಳಾಡಿಸಿ, ಈ ಅಂಟು ಹಾಕಿದವರು ಯಾರೆಂದು ಕೇಳಿದ. ನನ್ನ ಹೆಂಡತಿ ಎಂದೆ. ಹಾಗೆ ಹೇಳುವಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅವನು ಇನ್ನೊಮ್ಮೆ ಕೇಳಲಿ ಅನ್ನಿಸಿತು.

ಗಿರಾಕಿಯೂ ಸಿಕ್ಕ. ಸಂತೆಗುಳಿಯ ಮಹಾಬಲಣ್ಣ, ಸಂಭಾವಿತ. ನವರಾತ್ರಿಗೆ ಮೊದಲೇ ಒಮ್ಮೆ ಬಂದು ನೋಡಿದ. ಮಾರುವವನು ಗಾಡಿಯ ಗುಣ ಹೇಳಬೇಕು, ನಾನು ನಿನ್ನ ಗುಣ ಹೇಳುತ್ತ ನಿಂತೆ. ಹೆದ್ದಾರಿಯ ಹೊಂಡದಲ್ಲೂ ಸದ್ದು ಮಾಡದ ಹಾಗೆ ನೀನು ಲೋಟಗಳಿಗೆ ಮಾಡಿಸಿದ ಹಲಗೆ ತೋರಿಸಿದೆ. ಅಪ್ಸರಕೊಂಡದ ಇಳಿಜಾರಿನಲ್ಲಿ ಎದುರಿಗೆ ಬಸ್ಸು ಬಂದಾಗ ನೀನು ಅಷ್ಟುದ್ದ ಹಿಂದಕ್ಕೆ ಹೊಡೆದದ್ದು, ಬಸ್ಸಿನ ಡ್ರೈವರ್ ಇಳಿದು ಬಂದು ನಿನಗೆ ಕೈಮುಗಿದದ್ದು, ಪಕ್ಕದಲ್ಲಿ ನಾನು ಕಣ್ಣುಮುಚ್ಚಿ ದೇವರ ಹೆಸರು ಹೇಳುತ್ತಿದ್ದದ್ದು, ಎಲ್ಲ ಹೇಳಿದೆ. ಅವನು ನಕ್ಕುಬಿಟ್ಟ.

“ನೀ ಗಾಡಿ ಮಾರ್ತ್ಯೋ, ಹೆಂಡ್ತಿನ ಹೊಗಳ್ತ್ಯೋ ಮಾರಾಯ?”

ವಾಹನ ತರಲು ಒಳ್ಳೆಯ ದಿನವೆಂದು ವಿಜಯದಶಮಿಗೆ ಬರುತ್ತೇನೆ ಎಂದು ಹೋದ. ಪ್ರವಾಸಿಗರಿಗೆ ಬಾಡಿಗೆಗೆ ಬಿಡಲು ಎರಡನೇ ಗಾಡಿ ಹಾಕೋಣ ಎಂದು ನೀನು ಹಟ ಹಿಡಿದಾಗ ನಾನು ಹೆದರಿ ಹಿಂಜರಿದೆ. ಆ ಹೆದರಿಕೆಯಿಂದಲೇ ನೀನು ಬೇಸತ್ತು ಹೋದೆ. ಈಗ ಒಂದು ಗಾಡಿಯನ್ನೂ ಕಳೆದುಕೊಳ್ಳುವ ದಿನ ಬಂತು ಎಂದುಕೊಂಡು ಅದನ್ನು ತೊಳೆದು ನಿಲ್ಲಿಸಿದೆ.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಈ ಸಲ ಹೊಸ್ತಿನ ಹಬ್ಬ ನವರಾತ್ರಿಯಲ್ಲೇ ಬಂತು. ಆ ದಿನ ಗದ್ದೆಯಿಂದ ಹೊಸ ಭತ್ತದ ಕದಿರು ತಂದು ಬಾಗಿಲಿಗೆ, ಬಾವಿಕಟ್ಟೆಗೆ, ಕೊಟ್ಟಿಗೆಗೆ ಕಟ್ಟುವುದು ನಿನಗೆ ಗೊತ್ತೇ ಇದೆ. ಕಟ್ಟಿದ್ದನ್ನು ಮುಂದಿನ ಹೊಸ್ತಿನವರೆಗೆ ಬಿಚ್ಚುವುದಿಲ್ಲ. ಆಯಿ ಮಾವಿನೆಲೆ ಸೇರಿಸಿ ಒಂದು ಕಟ್ಟನ್ನು ಗಾಡಿಯ ಕನ್ನಡಿಗೂ ಕಟ್ಟಿಬಿಟ್ಟಿದ್ದಾಳೆ. ವಯಸ್ಸಾಯಿತು, ಮಾರುವ ವಿಷಯ ಮರೆತಿರಬೇಕು. ಮಹಾಬಲಣ್ಣ ದಶಮಿಯ ಬೆಳಿಗ್ಗೆ ಹೂವು, ತೆಂಗಿನಕಾಯಿ ಹಿಡಿದು ಬಂದವನು ಕದಿರು ಕಂಡದ್ದೇ ಕೈ ಹಿಂದೆ ತೆಗೆದುಕೊಂಡ.

“ಕದ್ರು ಕಟ್ಟಿದ್ ಗಾಡಿ ನಾ ಒಯ್ಯುದಿಲ್ಲ. ನಿಮ್ಮನೆ ಲಕ್ಷ್ಮಿನ್ನೇ ಎಬ್ಬಿಸ್ಕಂಡು ಹೋದಂಗೆ ಆಗ್ತದೆ” ಎಂದ. ಚಹಾ ಕುಡಿದು, ಬೇಸರವಿಲ್ಲದೆ ಹೋದ.

ಹೀಗಾಗಿ ಈ ವರ್ಷ ಮಾರುವ ಹಾಗಿಲ್ಲ. ಆಯಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಖಾನಾವಳಿ ಚೆನ್ನಾಗಿಯೇ ನಡೆಯುತ್ತದೆ. ನೀನು ಕೈಯಿಟ್ಟ ಯಾವ ಕೆಲಸವೂ ಕೆಟ್ಟದ್ದನ್ನು ನಾನು ಕಂಡಿಲ್ಲ.

ಇಂತಿ,
ಮೋಹನ

ತಾ.ಕ.: ಮೇಲೆ ಬರೆದದ್ದನ್ನು ಓದಿ ನೋಡಿದೆ, ಹೀಗೇ ಕಳಿಸಲು ಮನಸ್ಸು ಒಪ್ಪಲಿಲ್ಲ. ಆಯಿ ನವರಾತ್ರಿಗೆ ಮೊದಲೇ ಕುಮಟೆಗೆ, ಮಗಳು ಉಮಾಳ ಮನೆಗೆ ಹೋದವಳು ಇನ್ನೂ ಬಂದಿಲ್ಲ. ಕದಿರು ಕಟ್ಟಿದವನು ನಾನು. ನೀನು ನನ್ನ ಜೊತೆ ಮಾತಾಡಲು ಉಳಿದದ್ದು ಆ ಗಾಡಿಯೊಂದೇ ಆಗಿತ್ತು. ದುಡ್ಡು ಈಗಲೇ ಬೇಕಿದ್ದರೆ ಮಹಾಬಲಣ್ಣನಿಗೆ ನಿಜ ಹೇಳುತ್ತೇನೆ. ಆದರೆ ಕದಿರು ಬಿಚ್ಚಲು ನನ್ನ ಕೈ ಏಳುವುದಿಲ್ಲ, ನೀನೇ ಬರಬೇಕು.