‘ಕ್ಯಾರಿ’ಗೊಂದು ಪದ

ಫೆಬ್ರವರಿ 8, ಸೋಮವಾರ
ಗಂಟಲು ಒಣಗಿದೆ. ಡಾಕ್ಟರ್ ಮೊರೀನ್ ಇಂಗ್ಲಿಷಿನಲ್ಲಿ ಒಂದು ಸಾಲು ಹೇಳುವುದು, ನಾನು ಅದನ್ನು ನಮ್ಮ ಖ್ಮೇರ್ ಭಾಷೆಯಲ್ಲಿ ಮೂರು ಸಾಲಾಗಿ ಹೇಳುವುದು. ಬಾತ್ತಂಬಾಂಗಿನ ಈ ಕ್ಲಿನಿಕ್ಕಿನಲ್ಲಿ ದಿನವೂ ಇದೇ.

ಕೊನೆಗೆ ಬಂದವಳು ಕೊಲಾಪ್. ಪೇಟೆಯಲ್ಲಿ ಹೊಲಿಗೆ ಅಂಗಡಿ. ಮುಂದಿನ ತಿಂಗಳು ಮದುವೆ. ಸದಾ ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದ್ದಳು. ಜೊತೆಗೆ ಅತ್ತೆಯಾಗುವವರು, ಸಾರೂನ್. ವರದಿ ನೋಡಿ ಡಾಕ್ಟರ್ ನಗುತ್ತಲೇ ಹೇಳಿದರು — ಥಲಸ್ಸೇಮಿಯಾ ಅನ್ನುವ ರಕ್ತದ ದೋಷವನ್ನು ‘ಕ್ಯಾರಿ’ ಮಾಡುತ್ತಿದ್ದಾಳೆ ಅಷ್ಟೆ, ಕಾಯಿಲೆಯೇನಿಲ್ಲ. ನಾನು ‘ಫ್ತುಕ್’ ಅಂದೆ, ಅಂದರೆ ಹೊರುವುದು. ‘ಕಾಯಿಲೆ ಇಲ್ಲ’ ಅನ್ನುವಷ್ಟರಲ್ಲಿ ಸಾರೂನ್ ಎದ್ದು ಹೋಗಿಯಾಗಿತ್ತು. ಆ ಮಾತನ್ನು ಬಾಗಿಲಿಗೆ ಹೇಳಿದಂತಾಯಿತು.

ಫೆಬ್ರವರಿ 9, ಮಧ್ಯಾಹ್ನ
ಮದುವೆ ಮುರಿದಿದೆ. ಕೊಲಾಪ್ ಬಂದು ಎದುರಿಗೆ ನಿಂತಳು.

“ಅಕ್ಕಾ, ಫ್ತುಕ್ ಅಂದ್ರಲ್ಲ. ರೇಡಿಯೋದಲ್ಲಿ ಏಡ್ಸ್ ರೋಗಾಣು ಹೊತ್ತವರು ಅನ್ನೋಕೆ ಅದೇ ಪದ ತಾನೇ? ಹುಡುಗನ ಅಮ್ಮ ಅದೇ ಅಂದ್ಕೊಂಡಿದಾರೆ. ಇಡೀ ಮಾರ್ಕೆಟ್ಟಿಗೆ ಹೇಳಿಯಾಯ್ತು.”

ಲಾರಿ ಸಾಮಾನು ಹೊತ್ತರೂ ಫ್ತುಕ್ಕೇ ಅಂದೆ. ಅವಳು ನನ್ನನ್ನು ನೋಡಿದ ರೀತಿ... ಛೆ.

ಅದೇ ದಿನ, ಸಂಜೆ
“ಕ್ಯಾರಿಗೆ ನಿಮ್ಮಲ್ಲಿ ಬೇರೆ ಪದ ಇಲ್ವಾ ನಾರೀ?” ನನ್ನ ಹೆಸರು ಹಿಡಿದು ಡಾಕ್ಟರ್ ಕೇಳಿದರು.

ಇಲ್ಲದೆ ಏನು? ತಲೆಯ ಮೇಲೆ ಹೊತ್ತರೆ ತೂಲ್. ಹೆಗಲ ಮೇಲಾದರೆ ಲೀ. ಕೈಯಲ್ಲಿ ತೂಗಾಡಿಸಿಕೊಂಡು ಹೋದರೆ ಯೂರ್. ಮಗುವನ್ನು ಎತ್ತಿಕೊಂಡರೆ ಪೋ, ಅದೇ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡರೆ ಇನ್ನೊಂದು. ಆದರೆ ರಕ್ತದಲ್ಲಿ, ಹೊತ್ತವಳಿಗೇ ಗೊತ್ತಾಗದ ಹಾಗೆ ಹೊತ್ತರೆ? ಅದಕ್ಕೊಂದು ಪದವನ್ನು ನಮ್ಮ ಯಾವ ಅಜ್ಜಿಯೂ ಮಾಡಿಟ್ಟಿಲ್ಲ. ಇಂಗ್ಲಿಷಿನವರಿಗೇನು, ಒಂದೇ ಚೀಲಕ್ಕೆ ಎಲ್ಲ ತುರುಕಿ ಕೈತೊಳೆದುಕೊಂಡಿದ್ದಾರೆ.

ಫೆಬ್ರವರಿ 11
ಸಾರೂನ್ ಅವರ ಶಾವಿಗೆ ಅಂಗಡಿಗೆ ಹೋದೆ. ಮಗ ವುಥೀ ಬಟ್ಟಲು ತೊಳೆಯುತ್ತಿದ್ದ — ಮದುವೆ ಗಂಡು.

“ಚಿಕ್ಕಮ್ಮಾ, ಅದು ಅಂಟೋದಲ್ಲ. ಹುಟ್ಟಿನಿಂದ ಬರೋದು. ಅಪ್ಪನ ಮೂಗು ಮಗಳಿಗೆ ಬಂದ ಹಾಗೆ.”

“ಮೂಗು ಕಣ್ಣಿಗೆ ಕಾಣುತ್ತೆ. ಮೊನ್ನೆ ಒಂದು ಹೇಳ್ದೆ, ಇವತ್ತೊಂದು. ನಾಳೆ ಬಂದು ಏನು ಹೇಳ್ತೀಯಮ್ಮ?”

“ನನ್ನ ರಕ್ತಾನೂ ನೋಡಲಿ,” ಅಂದ ವುಥೀ, ತಲೆ ಎತ್ತದೆ.

ಸಾರೂನ್ ಸೌಟನ್ನು ಕುಕ್ಕಿದರು. ನನಗೆ ಶಾವಿಗೆ ಸಿಗಲಿಲ್ಲ.

ಫೆಬ್ರವರಿ 22
ವುಥೀಯ ವರದಿ ಬಂತು. ಅವನಿಗೂ ಅದೇ. ಅವನ ಜೊತೆ ಸಾರೂನ್ ಬಂದಿದ್ದರು; ಕೊಲಾಪ್‌ಳನ್ನೂ ಕರೆಸಿದ್ದೆವು. ಡಾಕ್ಟರ್ ಮತ್ತೆ ಅದೇ ಇಂಗ್ಲಿಷ್ ಸಾಲು ಹೇಳಿದರು. ಈ ಸಲ ಒಂದು ಪದಕ್ಕೆ ಜೋತುಬೀಳಲಿಲ್ಲ, ಬಿಡಿಸಿ ಬಿಡಿಸಿ ಹೇಳಿದೆ. ಬಹಳ ಹೊತ್ತು ಹಿಡಿಯಿತು.

“ಇಷ್ಟನ್ನೂ ಅವತ್ತೇ ಹೇಳಬಹುದಿತ್ತಲ್ಲ,” ಅಂದಳು ಕೊಲಾಪ್. ಹೇಳಬಹುದಿತ್ತು.

ಸಾರೂನ್ ಮಗನ ವರದಿಯನ್ನು ತಿರುಗಿಸಿ ನೋಡಿದರು. ಆಮೇಲೆ, “ಇದು ನನ್ನಿಂದ ಬಂದದ್ದಾ, ಅವರಪ್ಪನಿಂದಾ?”

ಉತ್ತರಕ್ಕೆ ಕಾಯದೆ ಅವರು ಕುರ್ಚಿ ಎಳೆದುಕೊಂಡು ಕೊಲಾಪ್ ಪಕ್ಕ ಕೂತರು. “ಮಾರ್ಕೆಟ್ಟಿಗೆಲ್ಲ ನಾನೇ ಹೋಗಿ ಹೇಳ್ತೀನಿ ಮಗಳೇ, ತಪ್ಪು ನಂದು ಅಂತ. ಹೊಸ ದಿನ ನೋಡೋಣ.”

“ದಿನ ಆಮೇಲೆ ಅತ್ತೆ. ಮೊದಲು, ಇಬ್ಬರಿಗೂ ಇದ್ರೆ ಮಕ್ಕಳಿಗೆ ಏನಾಗುತ್ತೆ ಅಂತ ಕೇಳ್ಬೇಕು.” ವುಥೀ ಕಡೆ ತಿರುಗಿ, “ನೀನೂ ಕೇಳಿಸ್ಕೋ,” ಅಂದಳು.

ಅವನು ಹತ್ತಿರ ಬಂದು ನಿಂತ. ಮೂವರೂ ನನ್ನ ಬಾಯನ್ನೇ ನೋಡುತ್ತಿದ್ದರು. ಡಾಕ್ಟರ್ ಶುರು ಮಾಡಿದರು: ಇಬ್ಬರೂ ‘ಕ್ಯಾರಿ’ ಮಾಡ್ತಿದ್ರೆ...

ಕೈ ಅಡ್ಡ ಹಿಡಿದೆ. “ಡಾಕ್ಟರ್, ದಯವಿಟ್ಟು ಆ ಪದ ಬಿಟ್ಟು ಬಿಡಿಸಿ ಹೇಳಿ,” ಅಂದೆ.