ಪಕ್ಕದ ಸೀಟಿನ ಬ್ರೇಕ್

ಅಡುಗೆಮನೆಯ ಮೇಜಿನಿಂದ
ಭಾನುವಾರ, ಮಾರ್ಚ್ ೩

ನನ್ನ ಮುದ್ದಿನ ಬುಗುರಿಗೆ,

ಅಪ್ಪನ ಆಶೀರ್ವಾದಗಳು. ಆಶೀರ್ವಾದಕ್ಕಿಂತ ಮೊದಲು ಒಂದು ನಮಸ್ಕಾರ. ಮಗಳಿಗೆ ಅಪ್ಪ ಯಾಕೆ ನಮಸ್ಕಾರ ಹೇಳುತ್ತಿದ್ದಾನೆ ಎಂದು ಕೊನೆಯವರೆಗೆ ಓದಿದರೆ ಗೊತ್ತಾಗುತ್ತದೆ. ಅರ್ಧ ಓದಿ ಮಡಿಸಿ ಚೀಲಕ್ಕೆ ತುರುಕಬೇಡ, ನಿನ್ನ ಅಭ್ಯಾಸ ನನಗೆ ಗೊತ್ತಿಲ್ಲದ್ದೇನಲ್ಲ. ಜೊತೆಗೆ ಬಂದಿರುವ ಪೊಟ್ಟಣವನ್ನು ಈಗಲೇ ಬಿಚ್ಚಬೇಡ. ಭಾರವಾಗಿದೆ ಎಂದು ಆಸೆಪಡಬೇಡ, ಅದು ತಿನ್ನುವ ಸಾಮಾನಲ್ಲ.

ಫೋನು ಇರುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಎಂಟು ತಿಂಗಳಿಂದ ಫೋನಿನಲ್ಲಿ ನಮ್ಮಿಬ್ಬರ ಮಾತು ಎಷ್ಟು ಹೇಳು? ನೀನು "ಊಟ ಆಯ್ತಾ ಅಪ್ಪ?" ಅನ್ನುತ್ತೀಯ, ನಾನು "ಆಯ್ತು, ನಿಂದು?" ಅನ್ನುತ್ತೇನೆ. ನೀನು "ಹ್ಞೂಂ" ಅನ್ನುವಷ್ಟರಲ್ಲಿ ಫೋನು ಅಮ್ಮನ ಕೈಗೆ ಹೋಗಿರುತ್ತದೆ. ಆಮೇಲೆ ನೀವಿಬ್ಬರೂ ಮುಕ್ಕಾಲು ಗಂಟೆ ನಗುತ್ತೀರಿ. ನಾನು ಪೇಪರ್ ಓದುವವನ ಹಾಗೆ ಕೂತು ಕಿವಿ ಅಲ್ಲಿಡುತ್ತೇನೆ.

ಹಾಗೆ ಕದ್ದು ಕೇಳಿದ್ದರಿಂದಲೇ ಈ ಕಾಗದ. ನಿಮ್ಮ ಆಂಬುಲೆನ್ಸ್ ಕಚೇರಿಯಲ್ಲಿ ಇಬ್ಬರು ಚಾಲಕರನ್ನು ತೆಗೆದುಕೊಳ್ಳುತ್ತಾರಂತೆ. ಅರ್ಜಿಗೆ ಇಪ್ಪತ್ತನೇ ತಾರೀಖು ಕೊನೆಯಂತೆ. ಲೈಸೆನ್ಸನ್ನು ಆಮೇಲೆ ಎರಡು ತಿಂಗಳೊಳಗೆ ತಂದುಕೊಟ್ಟರೂ ಆಗುತ್ತದಂತೆ. ನಿಮ್ಮ ಮೇಲ್ವಿಚಾರಕಿ ತಾನೇ ಫಾರಂ ತಂದು ನಿನ್ನ ಮುಂದಿಟ್ಟರೆ, ನೀನು ಅದರ ಮೇಲೆ ಟೀ ಲೋಟ ಇಡುತ್ತಿದ್ದೀಯಂತೆ. "ಫೋನ್ ಎತ್ತಿ ಅಡ್ರೆಸ್ ಬರ್ಕೊಳೋದೇ ನನಗೆ ಸಾಕಮ್ಮ, ಗಾಡಿ ನನ್ ಕೈಲಾಗೋ ಕೆಲ್ಸ ಅಲ್ಲ" ಎಂದೆಯಂತೆ.

ಈ ಮಾತು ಯಾರದ್ದು? ಏಳು ವರ್ಷದವಳಿದ್ದಾಗ ನನ್ನ ತರಬೇತಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಯಲ್ಲೇ ಸೈರನ್ ಊದುತ್ತಿದ್ದವಳದ್ದಾ? ನನ್ನ ಬಳಿ ಕಲಿಯಲು ಬಂದವರು ನಿಜವಾದ ಆಂಬುಲೆನ್ಸ್ ಬಂತೆಂದು ಕಾರು ಬದಿಗೆ ನಿಲ್ಲಿಸುತ್ತಿದ್ದರು. ನೀನು ಆ ಫಾರಂ ತುಂಬದಿರುವುದಕ್ಕೆ ಕಾರಣ ನಾನು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಒಂದೇ ಏಟಿಗೆ ಹೇಳುವ ಧೈರ್ಯವಿಲ್ಲ, ಸ್ವಲ್ಪ ಬಳಸಿಕೊಂಡು ಬರುತ್ತೇನೆ. ಸಹಿಸಿಕೋ.

ಮೊದಲು ಒಂದು ಸುದ್ದಿ ಹೇಳುತ್ತೇನೆ, ನಗಬೇಡ. ನಿನ್ನ ಅಪ್ಪ ನಾಟಕದ ಕ್ಲಾಸಿಗೆ ಹೋಗುತ್ತಿದ್ದಾನೆ. ಅಮ್ಮ ಇದನ್ನು ನಿನ್ನಿಂದ ಮುಚ್ಚಿಟ್ಟಿರುವುದು ನನ್ನ ಮೇಲಿನ ಕರುಣೆಯಿಂದ. ಮೂರು ತಿಂಗಳಾಯಿತು, ಪ್ರತಿ ಶನಿವಾರ ಮಧ್ಯಾಹ್ನ, ಗ್ರಂಥಾಲಯದ ಮೇಲಂತಸ್ತಿನಲ್ಲಿ. ಇದು ಆಶುನಾಟಕ. ಯಾರೂ ಮಾತು ಬರೆದುಕೊಡುವುದಿಲ್ಲ, ಬಾಯಿಪಾಠವಿಲ್ಲ, ಮುಂದೇನು ಎಂದು ಯಾರಿಗೂ ಗೊತ್ತಿರುವುದಿಲ್ಲ. ಇಬ್ಬರು ಎದ್ದು ನಿಲ್ಲಬೇಕು, ಒಬ್ಬರು ಏನೋ ಹೇಳಬೇಕು, ಅಲ್ಲಿಂದ ನಾಟಕ ಹುಟ್ಟಬೇಕು. ನನ್ನಂಥವನನ್ನು ಅಲ್ಲಿಗೆ ಬಿಟ್ಟರೆ ಹೇಗಿರುತ್ತದೆ, ನೀನೇ ಊಹಿಸಿಕೋ.

ಅಲ್ಲಿಗೆ ಎಳೆದುಕೊಂಡು ಹೋದವಳು ಆ ಕ್ಲಾಸಿನ ಟೀಚರ್. ಅವಳು ನನ್ನ ಹತ್ತಿರ ಕಾರು ಕಲಿಯಲು ಬಂದಿದ್ದಳು. ಎಡಗಾಲನ್ನು ಕ್ಲಚ್ಚಿನಿಂದ ಎತ್ತುವುದೇ ಇಲ್ಲ ಎಂದು ನಾನು ಕ್ಲಚ್ಚಮ್ಮ ಎಂದು ಹೆಸರಿಟ್ಟಿದ್ದೆ. ಹನ್ನೆರಡನೇ ದಿನ ಅವಳು ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ, "ಸರ್, ನನ್ ಕಾಲು ಬ್ರೇಕ್ ಹತ್ರ ಹೋಗೋ ಮುಂಚೇನೇ ನಿಮ್ ಕಾಲು ಹೋಗಿರುತ್ತೆ. ಹಿಂಗಾದ್ರೆ ನಾನು ಕಲಿಯೋದ್ಯಾವಾಗ?" ಎಂದು ಕೇಳಿದಳು. ನಾನು ನನ್ನ ಕಾಲ ಬಳಿಯಿದ್ದ, ಕಲಿಸುವವರಿಗೆಂದೇ ಇರುವ ಎರಡನೇ ಬ್ರೇಕ್ ಪೆಡಲ್ ತೋರಿಸಿ, ಇದು ಇರುವುದೇ ಅದಕ್ಕೆ, ಮೂವತ್ತೊಂದು ವರ್ಷದಲ್ಲಿ ನನ್ನ ಗಾಡಿಗೆ ಒಂದು ಗೀರು ಬಿದ್ದಿಲ್ಲ ಎಂದೆ. ಅವಳು ನಗುತ್ತಾ, "ಶನಿವಾರ ಒಂದ್ಸಲ ನಮ್ ಕ್ಲಾಸಿಗೆ ಬನ್ನಿ ಸರ್, ಅಲ್ಲಿ ಯಾರ್ ಸೀಟಿಗೂ ಬ್ರೇಕ್ ಇಲ್ಲ" ಎಂದಳು. ಮನೆಗೆ ಬಂದು ಈ ಉದ್ಧಟತನವನ್ನು ಅಮ್ಮನಿಗೆ ಹೇಳಿದರೆ, ಅವಳು ಪಲ್ಯ ಕೆದಕುತ್ತಾ, "ಹೋಗ್ಬನ್ನಿ. ವಾರಕ್ಕೆ ಎರಡು ಗಂಟೆ ನನಗೂ ಒಲೆ ಮುಂದೆ ನೆಮ್ಮದಿ ಸಿಗುತ್ತೆ" ಎಂದುಬಿಟ್ಟಳು.

ಮೊದಲ ದಿನವೇ ಮಾನ ಹೋಯಿತು. ನನ್ನ ಜೊತೆ ಎದ್ದವರು ಒಬ್ಬ ದಂತವೈದ್ಯರು, ಬಹಳ ಮೆತ್ತಗಿನ ಮನುಷ್ಯ. ಅವರು ಓಡಿಬಂದು ನನ್ನ ತೋಳು ಹಿಡಿದು, "ಕ್ಯಾಪ್ಟನ್, ಹಡಗಿಗೆ ನೀರು ನುಗ್ತಾ ಇದೆ!" ಎಂದು ಕೂಗಿದರು. ನಾನು ಸುತ್ತ ನೋಡಿ, "ಇಲ್ಲಾ ಡಾಕ್ಟ್ರೇ, ಇದು ಲೈಬ್ರರಿ. ಮೊದ್ಲು ನಿಧಾನಕ್ಕೆ ಉಸಿರು ಬಿಡಿ" ಎಂದೆ. ಎಲ್ಲರೂ ನಕ್ಕರು. ಡಾಕ್ಟರು ನನ್ನ ತೋಳು ಬಿಟ್ಟು ತಮ್ಮ ಕುರ್ಚಿಗೆ ಹೋಗಿ ಕೂತರು. ಕ್ಲಚ್ಚಮ್ಮ ಹೇಳಿದ್ದಿಷ್ಟು: ಎದುರಿಗಿರುವವರು ಏನು ಕೊಟ್ಟರೂ ಮೊದಲು "ಹೌದು" ಎನ್ನಬೇಕು. ಆಮೇಲೆ ಅದಕ್ಕೆ ನಮ್ಮದೊಂದು ಸೇರಿಸಬೇಕು. ಇಲ್ಲ ಎಂದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಇಷ್ಟು ಸಣ್ಣ ವಿಷಯ ಕಲಿಯಲು ನನಗೆ ಐದು ಶನಿವಾರ ಹಿಡಿಯಿತು.

ಆರನೆಯ ವಾರ ಇದನ್ನು ಮನೆಯಲ್ಲಿ ಪ್ರಯೋಗ ಮಾಡೋಣ ಎನ್ನಿಸಿತು. ಅಮ್ಮ ಅಡುಗೆಮನೆಗೆ ಹಳದಿ ಬಣ್ಣ ಹೊಡೆಸೋಣ ಎಂದಳು. ಹನ್ನೊಂದು ವರ್ಷದಿಂದ ಹೇಳುತ್ತಿದ್ದಾಳೆ, ನಾನು ಹನ್ನೊಂದು ವರ್ಷದಿಂದ ಮಸಿ ಕಾಣುತ್ತದೆ ಎನ್ನುತ್ತಿದ್ದೇನೆ. ಈ ಸಲ "ಹೌದು, ಕಿಟಕಿಗೂ ಹೊಡೆಸೋಣ" ಎಂದೆ. ಅವಳು ಒಲೆ ಆರಿಸಿ ಬಂದು ನನ್ನ ಹಣೆ ಮುಟ್ಟಿ ನೋಡಿ, "ರೀ, ಮೈ ಹುಷಾರಿದ್ಯಾ?" ಎಂದು ಕೇಳಿದಳು. ಈಗ ನಾನು ಬರೆಯುತ್ತಿರುವ ಮೇಜಿನ ನಾಲ್ಕು ಕಡೆಯೂ ಹಳದಿ. ಮೊಟ್ಟೆಯೊಳಗೆ ಕೂತ ಹಾಗಿದೆ. ಮಸಿಯೂ ಕಾಣುತ್ತಿದೆ, ಆದರೆ ಅಮ್ಮ ಹಾಡಿಕೊಂಡು ಒರೆಸುತ್ತಾಳೆ. ಅವಳು ಹಾಡುತ್ತಾಳೆ ಎನ್ನುವುದು ನನಗೆ ಮರೆತೇಹೋಗಿತ್ತು.

ಅದೇ ಹುರುಪಿನಲ್ಲಿ ಹೋದ ತಿಂಗಳು ಇನ್ನೊಂದು ಪಾಠವನ್ನೂ ಪ್ರಯೋಗ ಮಾಡಿದೆ, ಅವಳ ಮಾತು ಮುಗಿಯುವವರೆಗೆ ಬಾಯಿ ಬಿಡದೆ ಕೇಳುವುದು. ಕ್ಲಾಸಿನಲ್ಲಿ ಹೇಳುವುದೇ ಹಾಗೆ: ನೀವು ಮುಂದೆ ಏನು ಹೇಳಬೇಕೆಂದು ಯೋಚಿಸುತ್ತಿದ್ದರೆ ನೀವು ಕೇಳುತ್ತಿಲ್ಲ. ಹಾಗೆ ಕೇಳಿದಾಗಲೇ ನಿನ್ನ ವಿಷಯ ಪೂರ್ತಿ ತಿಳಿದದ್ದು. ಅಮ್ಮ ಅದನ್ನು ನನಗೆ ಮೊದಲೂ ಹೇಳಲು ಬಂದಿದ್ದಳಂತೆ, ನಾನು ನಡುವೆಯೇ "ಬಿಡು, ಇನ್ನೊಂದ್ಸಲ ಟೆಸ್ಟ್ ಕೊಡ್ತಾಳೆ" ಎಂದು ಮುಗಿಸಿದ್ದೆನಂತೆ. ಈ ಸಲ ಮುಗಿಯುವವರೆಗೆ ಕೇಳಿದೆ. ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದದ್ದಕ್ಕೆ ನಿನಗೆ ಬೇಜಾರಿಲ್ಲವಂತೆ. "ಕಣ್ಮುಂದೆ ಬಂದ ಸೈಕಲ್ಲೇ ನನಗೆ ಕಾಣ್ಲಿಲ್ಲ ಅಂದ್ಮೇಲೆ, ರೋಗೀನ ಹಿಂದೆ ಮಲಗಿಸ್ಕೊಂಡು ನಾನ್ಯಾವ ಧೈರ್ಯದ ಮೇಲೆ ಓಡಿಸ್ಲಿ?" ಎಂದು ಅಮ್ಮನ ಹತ್ತಿರ ಅತ್ತಿದ್ದೀಯಂತೆ. ಅಂದಿನಿಂದ ರಸ್ತೆ ದಾಟುವಾಗಲೂ ಎರಡೆರಡು ಸಲ ನೋಡುತ್ತೀಯಂತೆ.

ಬುಗುರಿ, ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಮುಂದಿನ ಶನಿವಾರ ಕ್ಲಚ್ಚಮ್ಮ ಎರಡು ಕುರ್ಚಿ ಪಕ್ಕಪಕ್ಕ ಹಾಕಿ, ಇದು ಕಾರು ಎಂದಳು. ಡಾಕ್ಟರು ಕಲಿಸುವವರು, ನಾನು ಕಲಿಯುವವನು. ಎಲ್ಲರಿಗೂ ಕುಶಾಲು. ನಾನೂ ನಗುತ್ತಲೇ ಕೂತು, ಇಲ್ಲದ ಸ್ಟೇರಿಂಗ್ ಹಿಡಿದು ಹೊರಟೆ. ಡಾಕ್ಟರಿಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ, ಗೊತ್ತಿರುವುದು ಕ್ಲಚ್ಚಮ್ಮ ಹೇಳಿದ ನನ್ನ ಕಥೆ ಮಾತ್ರ. ನಾನು ಕೈ ಅಲ್ಲಾಡಿಸಿದರೆ ಸಾಕು, ನೆಲಕ್ಕೆ ದಡ್ಡೆಂದು ಕಾಲು ಒತ್ತಿ "ನೋಡ್ಕೊಂಡು!" ಎನ್ನುವರು. ಇನ್ನೂ ತಿರುಗಿಸಿಲ್ಲ, ದಡ್. ಕನ್ನಡಿ ನೋಡಿದೆ, ದಡ್. ನಾಲ್ಕನೇ ಸಲಕ್ಕೆ ನಾನು ಆ ಇಲ್ಲದ ಸ್ಟೇರಿಂಗ್ ಬಿಟ್ಟುಬಿಟ್ಟೆ. ಮುಂದೆ ರಸ್ತೆಯಿಲ್ಲ, ಕೆಳಗೆ ಗಾಡಿಯಿಲ್ಲ, ಆದರೂ ನನಗೆ ಓಡಿಸಲು ಬರುವುದಿಲ್ಲ ಎನ್ನಿಸಿಬಿಟ್ಟಿತು. ಮನೆ ಬಿಟ್ಟು ಹೋಗುವ ದಿನ ನೀನು ಬಾಗಿಲಲ್ಲಿ ನಿಂತು ಹೇಳಿದ ಮಾತು ಆಗ ನೆನಪಾಯಿತು. "ಅಪ್ಪ, ನೀನು ಪಕ್ಕ ಕೂತ್ರೆ ನನ್ ಕಾಲು ನಂದೇ ಅಲ್ಲ ಅನ್ಸುತ್ತೆ" ಎಂದಿದ್ದೆ. ಅಂದು ನಾನು ನಿನ್ನ ಸೂಟ್‌ಕೇಸಿನ ಬೀಗ ಸರಿಯಾಗಿ ಹಾಕಿಲ್ಲ ಎಂದು ಹೇಳಿದೆ.

ಆ ಕ್ಲಾಸಿನಲ್ಲಿ ಒಂದು ಪದ್ಧತಿಯಿದೆ. ಆಟದಲ್ಲಿ ಯಾರಾದರೂ ಎಡವಿದರೆ ಮುಖ ಮುಚ್ಚಿಕೊಳ್ಳುವ ಹಾಗಿಲ್ಲ. ಎರಡೂ ಕೈ ಮೇಲೆತ್ತಿ "ತಪ್ಪು ಮಾಡಿದೆ!" ಎಂದು ಜೋರಾಗಿ ಕೂಗಬೇಕು, ಮಿಕ್ಕವರು ಚಪ್ಪಾಳೆ ತಟ್ಟಬೇಕು. ಮೂರು ತಿಂಗಳಲ್ಲಿ ಒಮ್ಮೆಯೂ ಕೈ ಎತ್ತದವನು ನಾನೊಬ್ಬನೇ. ಅಂದು ಕುರ್ಚಿಯಿಂದ ಎದ್ದು ಎರಡೂ ಕೈ ಎತ್ತಿದೆ. ಅವರು ಚಪ್ಪಾಳೆ ತಟ್ಟಿದರು. ನಾನು ಕೈ ಇಳಿಸಲಿಲ್ಲ. ನಿಜವಾಗಿಯೂ ತಪ್ಪು ಮಾಡಿದ್ದೇನೆ, ನನ್ನ ಮಗಳಿಗೆ, ಎಂದೆ. ಚಪ್ಪಾಳೆ ನಿಂತಿತು.

ಅವರಿಗೆ ಹೇಳಿದ್ದನ್ನೇ ಈಗ ನಿನಗೆ ಹೇಳುತ್ತೇನೆ. ಪರೀಕ್ಷೆಯ ದಿನ ಪರೀಕ್ಷಕರು ಹಿಂದಿನ ಸೀಟಿನಲ್ಲಿದ್ದರು, ನಾನು ನಿಯಮದಂತೆ ಪಕ್ಕದ ಸೀಟಿನಲ್ಲಿದ್ದೆ. ಪಕ್ಕದ ಸೀಟಿನ ಬ್ರೇಕ್ ಒತ್ತಿದರೆ ಓಡಿಸುವವರು ಫೇಲು, ಅದೂ ನಿಯಮ, ನಿನಗೆ ಕಲಿಸಿದವನೇ ನಾನು. ಅಂಚೆ ಕಚೇರಿಯ ಹತ್ತಿರದ ತಿರುವಿನಲ್ಲಿ ನಾನು ಬ್ರೇಕ್ ಒತ್ತಿದೆ. ನೀನು ತಿರುಗಿ "ಯಾಕಪ್ಪಾ?" ಎಂದೆ. ನಾನು "ಸೈಕಲ್ ಬಂತಲ್ಲ, ಕಾಣ್ಲಿಲ್ವಾ?" ಎಂದೆ.

ಸೈಕಲ್ ಇರಲಿಲ್ಲ ಮಗಳೇ. ಸೈಕಲ್ಲೂ ಇರಲಿಲ್ಲ, ನಾಯಿಯೂ ಇರಲಿಲ್ಲ. ರಸ್ತೆ ಖಾಲಿಯಿತ್ತು. ನಾನು ಗಾಬರಿಯಿಂದ ಕಾಲು ಒತ್ತಿದೆ, ಆಮೇಲೆ ನಾಚಿಕೆಯಿಂದ ಸುಳ್ಳು ಹೇಳಿದೆ. ನೀನು ಒಂದು ಕ್ಷಣವೂ ಅನುಮಾನಿಸಲಿಲ್ಲ. ಅಪ್ಪ ಹೇಳಿದ ಮೇಲೆ ಸೈಕಲ್ ಇದ್ದೇ ಇರಬೇಕು ಎಂದು ನಿನ್ನ ಕಣ್ಣನ್ನೇ ಅನುಮಾನಿಸಿದೆ. ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಇಲ್ಲದ್ದು ಕಾಣಲಿಲ್ಲ, ಅಷ್ಟೇ.

ಹೋದ ಸೋಮವಾರ ಆ ಪರೀಕ್ಷಕರ ಕಚೇರಿಗೂ ಹೋಗಿ ಬರೆದುಕೊಟ್ಟು ಬಂದೆ. ಅವರು ಓದಿ, ಕನ್ನಡಕ ತೆಗೆದಿಟ್ಟು, "ನನಗೂ ಸೈಕಲ್ ಕಾಣ್ಲಿಲ್ಲ ಮೇಷ್ಟ್ರೇ. ನೀವು ಹೇಳಿದ್ರಲ್ಲ ಅಂತ ನನ್ ಕಣ್ಣೇ ಮೋಸ ಮಾಡ್ತೇನೋ ಅಂದ್ಕೊಂಡೆ" ಎಂದರು. ನೋಡು, ಒಂದು ಸುಳ್ಳಿನಿಂದ ಇಬ್ಬರ ಕಣ್ಣು ಕೆಡಿಸಿದ್ದೇನೆ. ದಾಖಲೆಯಿಂದ ನಿನ್ನ ಫೇಲು ಅಳಿಸುತ್ತಾರಂತೆ. ಹೊಸ ಪರೀಕ್ಷೆಯನ್ನು ನೀನು ಯಾವಾಗ ಬೇಕಾದರೂ, ಯಾರ ಗಾಡಿಯಲ್ಲಿ ಬೇಕಾದರೂ ಕೊಡಬಹುದಂತೆ.

ಅಮ್ಮನಿಗೂ ಹೇಳಿದೆ. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಈ ಹಾಳೆ, ಪೆನ್ನು ತಂದು ಮುಂದಿಟ್ಟು, "ನನ್ ಮುಂದೆ ಅತ್ರೆ ಏನ್ ಬಂತು? ಹೇಳ್ಬೇಕಾಗಿರೋದು ಅವಳಿಗೆ" ಎಂದಳು. ಈಗ ಬಾಗಿಲಲ್ಲಿ ನಿಂತು ನಾನು ಎಷ್ಟು ಪುಟ ಬರೆದೆನೆಂದು ಇಣುಕುತ್ತಿದ್ದಾಳೆ.

ಇನ್ನು ಪೊಟ್ಟಣ ಬಿಚ್ಚು. ರಬ್ಬರು ಸವೆದ ಆ ಕಬ್ಬಿಣದ ತುಂಡು ಏನೆಂದು ನಿನಗೆ ಹೇಳಬೇಕಾಗಿಲ್ಲ. ಕಲಿಸುವ ಗಾಡಿಗೆ ಅದು ಬೇಕೇ ಬೇಕು, ಹೊಸ ಗಾಡಿಯಲ್ಲಿದೆ. ನೀನು ಪರೀಕ್ಷೆ ಕೊಟ್ಟ ಹಳೆಯ ಬಿಳಿ ಕಾರು ಈಗ ಮನೆಯ ಬಳಕೆಗೆ. ಮೆಕ್ಯಾನಿಕ್ಕನ ಕೈಲಿ ನನ್ನ ಕಡೆಯ ಬ್ರೇಕ್ ಪೆಡಲ್ ಕೀಳಿಸಿದೆ. ಅವನು ಕಾಲಿಡುವ ಜಾಗಕ್ಕೆ ಒಂದು ತುಂಡು ಕಾರ್ಪೆಟ್ ಹಾಕಿಕೊಟ್ಟಿದ್ದಾನೆ. ನೀನು ಬಂದ ದಿನ ಅದನ್ನು ಓಡಿಸು, ನಾನು ಪಕ್ಕದಲ್ಲಿ ಕೂರುತ್ತೇನೆ. ಬೇಡ ಎಂದರೆ ಹಿಂದೆ ಕೂರುತ್ತೇನೆ. ಅದೂ ಬೇಡ ಎಂದರೆ ಗೇಟಿನ ಹತ್ತಿರ ನಿಂತು ನೋಡುತ್ತೇನೆ. ನೀನು ಏನು ಹೇಳಿದರೂ ನನ್ನ ಮೊದಲ ಮಾತು ಹೌದು.

ಸಿಟ್ಟಿದ್ದರೆ ಇಟ್ಟುಕೋ, ಅದು ನಿನ್ನ ಹಕ್ಕು. ಕ್ಷಮಿಸು ಎಂದು ಕೇಳುತ್ತಿದ್ದೇನೆ, ಇಷ್ಟೇ ದಿನದಲ್ಲಿ ಎಂದು ಕೇಳುತ್ತಿಲ್ಲ. ಮೇಲಿನ ನಮಸ್ಕಾರ ಇದಕ್ಕೇ.

ಕಾಲನ್ನು ಹಿಂದಕ್ಕೆ ಎಳೆದುಕೊಂಡು ಕೂರಲು ಕಲಿಯುತ್ತಿರುವ,
ನಿನ್ನ ಅಪ್ಪ

ತಾ.ಕ.: ಇದು ಮರೆತುಹೋದ ಮಾತಲ್ಲ, ಬರೆಯಲು ಹೆದರಿದ ಮಾತು. ಮೇಲೆ "ಗಾಬರಿಯಿಂದ" ಎಂದು ಬರೆದಿದ್ದೇನೆ. ಕ್ಲಾಸಿನಲ್ಲೂ, ಪರೀಕ್ಷಕರಿಗೂ, ಅಮ್ಮನಿಗೂ ಹಾಗೆಯೇ ಹೇಳಿದ್ದೇನೆ. ಅದರಲ್ಲೂ ಸುಳ್ಳಿದೆ. ಆ ತಿರುವನ್ನು ನೀನು ತೆಗೆದುಕೊಂಡ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀನು ಕನ್ನಡಿ ನೋಡಿದೆ, ಗೇರ್ ಇಳಿಸಿದೆ, ಒಂದು ಚೂರೂ ಅಲುಗದೆ ಗಾಡಿ ತಿರುಗಿತು. ಮೂವತ್ತೊಂದು ವರ್ಷದಲ್ಲಿ ಯಾರೂ, ನಾನೂ ಸೇರಿ, ಆ ತಿರುವನ್ನು ಅಷ್ಟು ಚೆನ್ನಾಗಿ ತೆಗೆದದ್ದನ್ನು ನಾನು ನೋಡಿಲ್ಲ. ಇವಳು ಪಾಸಾಗುತ್ತಾಳೆ, ಬೇರೆ ಊರಿಗೆ ಹೋಗುತ್ತಾಳೆ, ಇನ್ನು ಇವಳಿಗೆ ನಾನು ಬೇಕಾಗಿಲ್ಲ ಎಂದು ಅನ್ನಿಸಿತು. ಕಾಲು ಒತ್ತಿದ್ದು ಆಗ. ಟೀ ಲೋಟ ಪಕ್ಕಕ್ಕಿಡು, ಫಾರಂ ತುಂಬು.